ಹುಲಾ, ಹುಳ ಮತ್ತು ಅಬ್ಬಾನ ‘ನೋಡೋಣ’

ಮೊನ್ನೆ ಚಳಿಗಾಲದ ಕೋಟು ಹುಡುಕುತ್ತ ಮೆಟ್ಟಿಲ ಕೆಳಗಿನ ಕಪಾಟಿನ ಬಾಗಿಲು ಎಳೆದೆ, ತಲೆಯ ಮೇಲೆ ಹುಲ್ಲು ಬಿತ್ತು. ಈ ದೇಶದ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಇಂಥದೊಂದು ಕಪಾಟು ಇದ್ದೇ ಇರುತ್ತದೆ. ಇಸ್ತ್ರಿ ಹಲಗೆ, ಹಳೇ ಬೂಟು, ಊರಿಂದ ಹೊತ್ತು ತಂದು ಇನ್ನೂ ಕಾಗದ ಬಿಚ್ಚದ ರೊಟ್ಟಿ ಹಂಚು, ಎಲ್ಲ ಅದರೊಳಗೆ. ಬಿದ್ದದ್ದು ನಿಜವಾದ ಹುಲ್ಲಲ್ಲ, ಹಸಿರು ನಾರಿನ ಲಂಗ. ಸೊಂಟಕ್ಕೆ ಲಾಡಿಯ ಬದಲು ಅಂಟುಪಟ್ಟಿ, ಅದರ ಮೇಲೊಂದು ಹಳದಿ ಬಟ್ಟೆಯ ಹೂ. ಅದನ್ನು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕೋಟಿನ ವಿಷಯ ಮರೆತೇಹೋಯಿತು.

ನಲವತ್ತೈದು ತುಂಬಿದ, ಡಚ್ಚರ ನಾಡಿನ ನೈಮೆಗನ್ನಿನ ಒಂದು ಚಿಪ್ ಕಂಪನಿಯಲ್ಲಿ ದಿನವಿಡೀ ಪರದೆ ನೋಡಿ ಕಣ್ಣು ಕೆಂಪು ಮಾಡಿಕೊಳ್ಳುವ, ತಲೆಗೆ ಸ್ಕಾರ್ಫ್ ಕಟ್ಟುವ, ದಾವಣಗೆರೆಯ ಹೆಣ್ಣುಮಗಳ ಮನೆಯಲ್ಲಿ ಈ ಲಂಗಕ್ಕೇನು ಕೆಲಸ ಅಂತ ನೀವು ಕೇಳಬಹುದು. ಕೇಳಿ. ನನ್ನ ಗಂಡ ಸಲೀಂ ಕೂಡ ಕೇಳಿದ್ದ. ಅವನಿಗೆ ಕೊಟ್ಟ ಉತ್ತರದಲ್ಲಿ ನನಗೇ ನಂಬಿಕೆ ಇರಲಿಲ್ಲ, ನಿಮಗೆ ಕೊಡುವುದರಲ್ಲಿ ಎಷ್ಟಿರುತ್ತದೋ ಗೊತ್ತಿಲ್ಲ. ಈ ಇಡೀ ಪ್ರಕರಣದಲ್ಲಿ ಮೊದಲಿಂದ ಕೊನೆಯತನಕ ತಲೆ ಕೆಟ್ಟುಹೋಗಿದ್ದವಳು ನಾನೊಬ್ಬಳೇ.

ಶುರುವಾದದ್ದು ಪಕ್ಕದ ಮನೆಯ ರೀಟ್ ಅವರಿಂದ. ಎಪ್ಪತ್ತೆರಡು ವರ್ಷದ ಹೆಂಗಸು, ಗಂಡ ತೀರಿಕೊಂಡು ಆರು ವರ್ಷವಾಯಿತು. ನಾವು ಈ ಬೀದಿಗೆ ಬಂದ ಹೊಸತರಲ್ಲಿ ಬಾಗಿಲು ತಟ್ಟಿ ಒಂದು ಗಿಡ ಕೊಟ್ಟು, ‘ನೀರು ಹೆಚ್ಚು ಹಾಕಿದರೆ ಸಾಯುತ್ತದೆ’ ಅಂತ ಹೇಳಿ ಹೋದವರು. ಮೂವತ್ತನಾಲ್ಕನೇ ವಯಸ್ಸಿನಲ್ಲಿ ನನಗೆ ಸೈಕಲ್ ಕಲಿಸಿದವರೂ ಅವರೇ. ಸೀಟಿನ ಹಿಂದೆ ಹಿಡಿದುಕೊಂಡು ಓಡಿ ಬರುತ್ತಿದ್ದರು. ನಾನು ಬೇಲಿಗೆ ಹೋಗಿ ಗುದ್ದಿದಾಗ, ಅಯ್ಯೋ ಪಾಪ ಅನ್ನಲಿಲ್ಲ. ‘ಬ್ರೇಕ್ ಅನ್ನೋದು ಕೈಯಲ್ಲೇ ಇತ್ತು’ ಅಂದರು. ಅವರ ಮಾತೆಲ್ಲ ಹೀಗೇ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ. ನಡುವಿನದೆಲ್ಲ ಹವಾಮಾನ ಹೇಳುವವರಿಗೆ ಬಿಟ್ಟದ್ದು ಅನ್ನುತ್ತಾರೆ.

ಈ ರೀಟ್ ಮೇ ತಿಂಗಳ ಒಂದು ಸಂಜೆ ಬೇಲಿಯ ಆಚೆಯಿಂದ ಕರೆದರು. ಕೈಯಲ್ಲಿ ಅವರ ಡೈರಿ, ಕಿವಿಯ ಹಿಂದೆ ಪೆನ್ಸಿಲ್.

‘ರೇಷ್ಮಾ, ಆಗಸ್ಟ್ ಕೊನೆಯ ಶನಿವಾರ ನಮ್ಮ ಬೀದಿ ಹಬ್ಬ. ಸೆಪ್ಟೆಂಬರಲ್ಲಿ ನಾನು ಮಗಳ ಊರಿಗೆ ಹೋಗ್ತಿದ್ದೀನಿ, ಖ್ರೋನಿಂಗನ್ ಕಡೆಗೆ. ಮನೆ ಮಾರಾಟ ಆಯ್ತು. ಇದು ನನ್ನ ಕೊನೇ ಬೀದಿ ಹಬ್ಬ. ಹುಲಾ ಮಾಡೋಣ ಅಂತಿದ್ದೀನಿ. ಎರಡು ಸಾಲು, ಸಾಲಿಗೆ ಮೂರು ಜನ. ನಾನೂ ಸೇರಿ ಐದು ಜನ ಆಗಿದ್ದೀವಿ. ನೀನು ಆರನೆಯವಳು ಆಗ್ತೀಯಾ?’

ಮನೆ ಮಾರಾಟ ಆಯ್ತು ಅನ್ನುವಲ್ಲೇ ನನ್ನ ಕಿವಿ ನಿಂತುಬಿಟ್ಟಿತ್ತು. ಈ ಊರಲ್ಲಿ ನನಗೆ ಅಂತ ಬಾಗಿಲು ತಟ್ಟಿದ ಮೊದಲ ಮನುಷ್ಯರು ಹೋಗುತ್ತಿದ್ದಾರೆ ಅನ್ನುವುದನ್ನು ಅರಗಿಸಿಕೊಳ್ಳುವ ಮೊದಲೇ ಹುಲ್ಲಿನ ಲಂಗ ಹಾಕಿ ಸೊಂಟ ತಿರುಗಿಸುವ ಪ್ರಶ್ನೆ ಬಂದು ನಿಂತಿತ್ತು. ಆಗದು ಅನ್ನಲು ಬಾಯಿ ಬರಲಿಲ್ಲ. ಆಗಲಿ ಅನ್ನಲು ಧೈರ್ಯ ಬರಲಿಲ್ಲ. ನಮ್ಮ ಕಡೆಯವರು ಇಂಥ ಹೊತ್ತಿನಲ್ಲಿ ಏನು ಹೇಳುತ್ತಾರೋ ಅದನ್ನೇ ನನ್ನ ಡಚ್ಚಿನಲ್ಲಿ ಹೇಳಿದೆ. ‘ಆಯ್ತು, ನೋಡೋಣ.’

ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ ಕರೆಯಲು ಬಂದವರು ಹಿಂದಿನ ದಿನವೇ ಬಂದುಬಿಡಿ ಅಂದರೆ ‘ನೋಡೋಣ’. ನಿಮ್ಮ ಹುಡುಗನಿಗೆ ನಮ್ಮ ಹುಡುಗಿಯನ್ನು ತಂದುಕೊಳ್ಳಿ ಅಂದರೆ ‘ನೋಡೋಣ’. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಇಬ್ಬರೂ ಟೀ ಕುಡಿದು, ಇಬ್ಬರ ಮರ್ಯಾದೆಯೂ ಉಳಿದು, ಯಾರ ಬಾಯಿಂದಲೂ ‘ಇಲ್ಲ’ ಅನ್ನುವ ಕೆಟ್ಟ ಮಾತು ಬೀಳದೆ ಎಲ್ಲ ಮುಗಿಯುತ್ತದೆ. ಮತ್ತೆ ಆ ವಿಷಯ ಎತ್ತುವವರೇ ಇಲ್ಲ.

ರೀಟ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಡೈರಿಯಲ್ಲಿ ನನ್ನ ಹೆಸರು ಬರೆದು ಮುಂದೆ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆಮೇಲೆ ತಲೆ ಎತ್ತಿ, ‘ಯಾವಾಗ ನೋಡ್ತೀಯ?’ ಅಂದರು.

ಹುಟ್ಟಿದಾಗಿಂದ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ತಬ್ಬಿಬ್ಬಾಗಿ, ‘ಭಾನುವಾರ’ ಅಂದುಬಿಟ್ಟೆ. ‘ಭಾನುವಾರ ಹತ್ತೂವರೆ, ನಮ್ಮನೇಲಿ ಕಾಫಿ’ ಅಂತ ಅದನ್ನೂ ಬರೆದುಕೊಂಡರು. ನನಗೆ ಐದು ದಿನ ಸಿಕ್ಕಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಆ ಪದವನ್ನು ಹುಡುಕಿದ್ದು. ನನಗೆ ಸಂಕಟ ಬಂದಾಗ ಪದ ಹುಡುಕುವ ಚಟ. ಹವಾಯಿ ಭಾಷೆಯಲ್ಲಿ ಹುಲಾ ಅಂದರೆ ಕುಣಿತ, ಅಷ್ಟೇ. ಹುಲಾ ಡ್ಯಾನ್ಸ್ ಅಂದರೆ ನಾವು ನಡುಮಧ್ಯ ಅಂದಹಾಗೆ, ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ಬರೀ ಸೊಂಟದ ಆಟ ಅಂದುಕೊಂಡಿದ್ದೆ, ಅಲ್ಲವಂತೆ. ಹಾಡು ಹೇಳುವ ಕಥೆಯನ್ನು ಕೈಗಳು ಹೇಳುತ್ತವೆ. ಅಲೆ, ಮಳೆ, ಹೂ, ಮನಸ್ಸು, ಎಲ್ಲಕ್ಕೂ ಒಂದೊಂದು ಕೈ. ತಹೀತಿ ದ್ವೀಪದಲ್ಲಿ ಇದೇ ಪದ ಹುರಾ ಆಗಿದೆ. ಸಮೋವಾದವರು ಕುಣಿತಕ್ಕೆ ಸಿವ ಅನ್ನುತ್ತಾರಂತೆ. ಕುಣಿಯುವವನ ಹೆಸರನ್ನೇ ಕುಣಿತಕ್ಕೆ ಇಟ್ಟರೋ, ಸುಮ್ಮನೆ ಒಂದಕ್ಕೊಂದು ತಾಗಿತೋ, ದೊಡ್ಡವರು ಹೇಳಬೇಕು.

ಅಡುಗೆಮನೆಯಲ್ಲಿ ಇದನ್ನೆಲ್ಲ ವರದಿ ಮಾಡುತ್ತಿದ್ದರೆ ನನ್ನ ಮಗಳು ಝೋಯಾ ಫ್ರಿಜ್ಜಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹದಿಮೂರು ವರ್ಷ ಅವಳಿಗೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಸಿಟ್ಟು ಬಂದರೆ ಡಚ್ಚು. ‘ಹುಳ ಈಸ್ ಇನ್ಸೆಕ್ಟ್, ನೋ ಮಮ್ಮಾ?’ ಅಂದಳು. ಅವಳಿಗೆ ಗೊತ್ತಿರುವ ಇಪ್ಪತ್ತು ಕನ್ನಡ ಪದಗಳಲ್ಲಿ ಅದೂ ಒಂದು, ಬದನೆಕಾಯಿಯಿಂದಾಗಿ ಕಲಿತದ್ದು. ಅದು ಹುಳ, ಇದು ಹುಲಾ, ಜೋಳ ಬೆಳೆಯೋದು ಹೊಲ, ಸಾರಿಗೆ ಹಾಕೋದು ಹುಳಿ, ದನ ತಿನ್ನೋದು ಹುಲ್ಲು ಅಂತ ನಾನು ಬೆರಳು ಮಡಿಸಿದೆ. ‘ಹೌಲಾ ಬಿಟ್ಟೆಯಲ್ಲ’ ಅಂತ ಸಲೀಂ ಒಳಗಿಂದ ಕೂಗಿದ. ನಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಹೌಲಾ ಅಂದರೆ ಪೆದ್ದು. ಚಿಕ್ಕಂದಿನಲ್ಲಿ ಅಮ್ಮಿ ನನ್ನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಹಾಗೆ ಕರೆದದ್ದೇ ಹೆಚ್ಚು.

‘ನಿಮ್ಮ ಅಭಿಪ್ರಾಯ ಏನು?’ ಅಂತ ಅವನನ್ನು ಕೇಳಿದೆ.

‘ನಿನ್ನಿಷ್ಟ’ ಅಂದ.

ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ಈ ‘ನಿನ್ನಿಷ್ಟ’ದ ಒಳಗೆ ಏನಿದೆ ಅಂತ ನನಗೆ ತಿಳಿಯುವುದಿಲ್ಲ. ಮಾಡು ಅಂತಲೋ, ಮಾಡಿದರೆ ನೋಡು ಅಂತಲೋ. ಪೂರ್ತಿ ಹೇಳಿ ಅಂದರೆ, ‘ಹೇಳಿದ್ನಲ್ಲ’ ಅಂತಾನೆ. ಝೋಯಾ ನಮ್ಮಿಬ್ಬರ ಮುಖ ನೋಡಿ, ‘ಬೇಡ ಅಂದ್ರೆ ಜಸ್ಟ್ ಸೇ ನೇ ಮಮ್ಮಾ, ರೀಟ್ ಡಸಂಟ್ ಮೈಂಡ್’ ಅಂತ ಹೇಳಿ ಮೇಲೆ ಹೋದಳು. ನೇ ಅಂದರೆ ಡಚ್ಚಿನಲ್ಲಿ ಇಲ್ಲ. ಈ ದೇಶದಲ್ಲಿ ಮಕ್ಕಳು ಅಮ್ಮ ಅನ್ನುವ ಮೊದಲೇ ಅದನ್ನು ಕಲಿಯುತ್ತವೆ.

ಇಷ್ಟಕ್ಕೂ ನಾನು ಯಾಕೆ ಇಲ್ಲ ಅನ್ನಬೇಕಿತ್ತು ಅಂತ ಆ ರಾತ್ರಿಯ ಊಟದ ಪಾತ್ರೆ ತೊಳೆಯುತ್ತ ಯೋಚಿಸಿದೆ. ಜನ ಏನಂತಾರೆ ಅಂತಲೇ? ಈ ಬೀದಿಯ ಜನ ತಮ್ಮ ತೋಟದಲ್ಲಿ ಚಡ್ಡಿಯಲ್ಲಿ ಕೂತು ಸೂಪು ಕುಡಿಯುವವರು, ಅವರೇನು ಅಂದಾರು. ನಮ್ಮವರು ಏನಂತಾರೆ ಅಂತಲೇ? ನಮ್ಮವರು ಇರುವುದು ನಾಲ್ಕು ಬೀದಿ ಆಚೆ, ಅವರಿಗೂ ಶನಿವಾರ ಅವರವರ ಕೆಲಸ. ಮಾಡಲು ಇಷ್ಟ ಇಲ್ಲವೇ? ಅದೇ ಗೊತ್ತಾಗುತ್ತಿರಲಿಲ್ಲ. ಹುಲಾ ನೆನಪಾದ ತಕ್ಷಣ ತೊಳೆದ ಪಾತ್ರೆಯನ್ನೇ ಮತ್ತೆ ಗಸಗಸ ಉಜ್ಜುತ್ತಿದ್ದೆ. ಅದು ಆಸೆಯೋ ಸಿಟ್ಟೋ ಅಂತ ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಬುಧವಾರ ರೀಟ್ ಅವರ ಮನೆಯಲ್ಲಿ ಮೊದಲ ಅಭ್ಯಾಸ. ‘ಭಾನುವಾರ ಹೇಳೋದು ಭಾನುವಾರ ಹೇಳು. ಬುಧವಾರ ಸುಮ್ಮನೆ ಬಾ’ ಅಂದಿದ್ದರು. ಸುಮ್ಮನೆ ಹೋದೆ. ಅರ್ಧ ಮನೆ ಆಗಲೇ ಪೆಟ್ಟಿಗೆಗಳೊಳಗೆ ಹೋಗಿತ್ತು. ಗೋಡೆಗಳ ಮೇಲೆ ಫೋಟೋ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಸೋಫಾ ಪಕ್ಕಕ್ಕೆ ಸರಿಸಿ, ಮೂವರು ಅಜ್ಜಿಯರು, ಮೂಲೆಮನೆಯ ಟರ್ಕಿಯ ಡೆಂಟಿಸ್ಟ್ ಮತ್ತು ನಾನು ಬರಿಗಾಲಲ್ಲಿ ನಿಂತೆವು. ರೀಟ್ ಎರಡು ಚಳಿಗಾಲ ಆರ್ನೆಮ್‌ಗೆ ಹೋಗಿ ಇದನ್ನು ಕಲಿತವರು, ಗಂಡ ಹೋದ ಮೇಲೆ ಸಂಜೆಗಳು ಉದ್ದವಾದವು ಅಂತ. ಸೊಂಟ ಸುತ್ತಿಸುವ ಹೆಜ್ಜೆಗೆ ಆಮಿ ಅಂತ ಹೆಸರು. ಅವರು ‘ಆಮಿ’ ಅಂದಾಗಲೆಲ್ಲ ನನಗೆ ದಾವಣಗೆರೆಯ ಅಡುಗೆಮನೆಯಿಂದ ಅಮ್ಮಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಂತಾಗಿ ಹೆಜ್ಜೆ ತಪ್ಪುತ್ತಿತ್ತು. ತಿರುಗುವುದಕ್ಕೆ ಹುಲಿ ಅನ್ನುತ್ತಾರೆ. ‘ಹುಲಿ’ ಅಂದ ಕೂಡಲೇ ಐವರು ಬಲಕ್ಕೆ, ನಾನು ಎಡಕ್ಕೆ. ಡೆಂಟಿಸ್ಟರ ಮೂಗಿಗೆ ನನ್ನ ಮೊಣಕೈ ತಾಗಿತು. ಪುಣ್ಯಕ್ಕೆ ಹಲ್ಲಿಗೆ ತಾಗಲಿಲ್ಲ.

ನಡುವೆ ಒಬ್ಬ ಅಜ್ಜಿ, ರೀಟ್ ಇನ್ನೂ ಕೆಳಗೆ ಬಗ್ಗು ಅಂದಿದ್ದಕ್ಕೆ ‘ಅಮ್ಮೆಹೂಲಾ’ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅರ್ಥವಾಗಲಿಲ್ಲ. ರೀಟ್ ಕಣ್ಣೊರೆಸಿಕೊಂಡು ಬಿಡಿಸಿದರು. ಡಚ್ಚಿನಲ್ಲಿ ಹೂಲಾ ಅಂದರೆ ಈ ಕುಣಿತವೂ ಹೌದು, ಮೈಯಲ್ಲಿ ಕೂರುವ ಭಾಗವೂ ಹೌದು. ಅಮ್ಮೆಹೂಲಾ ಅಂದರೆ, ಸತ್ತರೂ ಆಗಲ್ಲ ಹೋಗು, ಅಂತ ಸ್ವಲ್ಪ ಒರಟಾಗಿ. ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತಿಲ್ಲ. ನಾನು ಪೆದ್ದಿಯ ಹಾಗೆ ನಿಂತಿದ್ದೆ. ಒಂದು ಕಡೆ ಕುಣಿತ, ಒಂದು ಕಡೆ ಹುಳ, ಇನ್ನೊಂದು ಕಡೆ ಸತ್ತರೂ ಆಗಲ್ಲ. ಇಷ್ಟೆಲ್ಲ ಸಿಕ್ಕರೂ ನನ್ನ ಉತ್ತರ ಮಾತ್ರ ಇದರಲ್ಲಿ ಯಾವುದರ ಹತ್ತಿರವೂ ಇರಲಿಲ್ಲ.

ಹೊರಡುವಾಗ ರೀಟ್ ಒಂದು ಹಸಿರು ಲಂಗ ಕೈಗಿಟ್ಟರು. ‘ಸಲ್ವಾರಿನ ಮೇಲೇ ಕಟ್ಟು. ನಾನೂ ಒಳಗೆ ಉಣ್ಣೆ ಪ್ಯಾಂಟು ಹಾಕ್ತೀನಿ, ಇದು ಹವಾಯಿ ಅಲ್ಲ.’ ಅದನ್ನು ಮಡಿಲಲ್ಲಿ ಇಟ್ಟುಕೊಂಡು ನಮ್ಮ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಾಗ ಬೆರಳುಗಳು ತಾವಾಗಿಯೇ ನಾರು ಬಿಡಿಸತೊಡಗಿದವು. ಆಗ ನೆನಪಾಯಿತು. ನಾನು ಇಂಥ ಲಂಗ ಒಂದನ್ನು ಇದಕ್ಕೂ ಮೊದಲು ಮುಟ್ಟಿದ್ದೇನೆ.

ನಾಲ್ಕನೇ ಕ್ಲಾಸು. ನಮ್ಮ ಗಿರಿಜಾ ಟೀಚರು ಸ್ಕೂಲ್ ಡೇಗೆ ಹವಾಯಿ ಡ್ಯಾನ್ಸ್ ಮಾಡಿಸುತ್ತೇನೆ ಅಂತ ಹೊರಟರು. ಅವರು ಅದನ್ನು ಎಲ್ಲಿ ನೋಡಿದ್ದರೋ ದೇವರೇ ಬಲ್ಲ. ಹವಾಯಿ ಅಂದರೆ ಕಾಲಿಗೆ ಹಾಕುವ ಚಪ್ಪಲಿ ಅಂತಲೇ ನಾವೆಲ್ಲ ಅಂದುಕೊಂಡಿದ್ದು. ಆರು ಹುಡುಗಿಯರನ್ನು ಆರಿಸಿದರು, ಅದರಲ್ಲಿ ನಾನೂ ಒಬ್ಬಳು. ಗೋಣಿಚೀಲ ತಂದು ಎಳೆ ಎಳೆ ಬಿಡಿಸಿ ಹಸಿರು ಬಣ್ಣದಲ್ಲಿ ಅದ್ದಿ, ಶಾಲೆಯ ಪಂಪಿನ ಹತ್ತಿರ ಒಣಹಾಕಿ ಆರು ಲಂಗ ಮಾಡಿದೆವು. ವಾರವಿಡೀ ನಮ್ಮ ಕೈ ಹಸಿರು. ಹಸಿರು ಕೈಯಲ್ಲೇ ಅನ್ನ ಉಂಡೆವು. ‘ಮನೇಲಿ ಕೇಳ್ಕೊಂಡು ಬನ್ನಿ’ ಅಂದರು ಟೀಚರು.

ನಮ್ಮ ಅಬ್ಬಾ ಸರ್ಕಾರಿ ಬಸ್ಸಿನ ಕಂಡಕ್ಟರ್. ದಾವಣಗೆರೆ, ಹರಿಹರ, ರಾಣೆಬೆನ್ನೂರು, ದಿನಕ್ಕೆ ಎಷ್ಟೋ ಸಲ. ಬಸ್ಸಿನಲ್ಲಿ ಅವರಿಗೆ ಇದ್ದದ್ದು ಎರಡೇ ಮಾತು. ನಿಲ್ಲಬೇಕಾದರೆ ‘ಹೋಲ್ಡಾನ್’, ಹೊರಡಬೇಕಾದರೆ ‘ರೈಟ್’. ರಜೆಯಲ್ಲಿ ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಿಂದಿನ ಬಾಗಿಲಲ್ಲಿ ನಿಂತು ಬೆರಳು ಆಡಿಸುತ್ತ ತಲೆ ಎಣಿಸಿ, ಎಲ್ಲ ಹತ್ತಿದರು ಅಂತ ಖಾತ್ರಿ ಮಾಡಿಕೊಂಡು ಅವರು ‘ರೈಟ್’ ಅಂದರೆ ಅಷ್ಟು ದೊಡ್ಡ ಬಸ್ಸು ಅಲುಗಾಡಿ ಹೊರಡುತ್ತಿತ್ತು. ನನಗೆ ಆಗ ಅಬ್ಬಾನಿಗಿಂತ ದೊಡ್ಡವರು ಯಾರೂ ಇರಲಿಲ್ಲ. ಅದೇ ಮನುಷ್ಯ ಮನೆಯ ಹೊಸ್ತಿಲು ದಾಟಿದರೆ ಈ ಎರಡೂ ಮಾತು ಮರೆತುಹೋಗುತ್ತಿದ್ದವು. ಮನೆಯಲ್ಲಿ ನಮ್ಮದು ದಖನಿ, ಅಲ್ಲಿ ಅವರ ಮಾತು ಒಂದೇ, ‘ದೇಖೇಂಗೆ’. ನೋಡೋಣ.

ಡ್ಯಾನ್ಸಿಗೆ ಸೇರಲಾ ಅಂತ ಕೇಳಿದೆ. ಅಬ್ಬಾ ಟೀ ಲೋಟ ಕೆಳಗಿಟ್ಟು ನನ್ನ ಹಸಿರು ಕೈ ನೋಡಿ, ‘ಯಾವ ದಿನ?’ ಅಂದರು. ಶುಕ್ರವಾರ ಸಾಯಂಕಾಲ ಅಂದೆ. ‘ನೋಡೋಣಮ್ಮ’ ಅಂದರು.

ನಾನು ದಾವಣಗೆರೆಯಲ್ಲೇ ಹುಟ್ಟಿ ಬೆಳೆದವಳು. ಆ ಮಾತಿನ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾರನೇ ದಿನ ಟೀಚರಿಗೆ, ‘ನಮ್ಮನೇಲಿ ಬೇಡ ಅಂದ್ರು’ ಅಂತ ಹೇಳಿ, ನನ್ನ ಲಂಗವನ್ನು ಶಕುಂತಲಾಗೆ ಕೊಟ್ಟೆ. ಅವಳಿಗೆ ಅದು ಉದ್ದವಾಗಿತ್ತು, ನಾನೇ ಕತ್ತರಿಸಿಕೊಟ್ಟೆ. ಶುಕ್ರವಾರ ಸಾಯಂಕಾಲ ಶಾಲೆಯ ಮೈಕು ನಮ್ಮ ಮನೆಯತನಕ ಕೇಳಿಸುತ್ತಿತ್ತು. ನಾನು ಹೊಟ್ಟೆನೋವು ಅಂತ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅಂದು ಅಬ್ಬಾ ಕತ್ತಲಾದ ಮೇಲೆ ಬಂದರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ, ಅದರೊಳಗೆ ಒಂದು ಮಾರು ಹಳದಿ ಸೇವಂತಿಗೆ. ‘ಇವತ್ತೇನು ವಿಶೇಷ?’ ಅಂತ ಅಮ್ಮಿ ಕೇಳಿದ್ದಕ್ಕೆ, ‘ಏನಿಲ್ಲ, ಚೆನ್ನಾಗಿತ್ತು’ ಅಂದರು. ಅಮ್ಮಿ ಒಂದು ತುಂಡು ನನ್ನ ಜಡೆಗೆ ಮುಡಿಸಲು ಬಂದರೆ ಕಿತ್ತು ಬಿಸಾಡಿದೆ. ಬೈಸಿಕೊಂಡೆ. ಆಮೇಲೆ ಎಲ್ಲ ಮರೆತೆ, ಅಥವಾ ಮರೆತೆ ಅಂದುಕೊಂಡೆ. ಆದರೆ ಆಮೇಲೆ ಯಾವತ್ತೂ ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಯಾವುದಕ್ಕೂ ಹೆಸರು ಕೊಡಲಿಲ್ಲ. ನಮ್ಮನೇಲಿ ಬೇಡ ಅಂತಾರೆ, ಅಷ್ಟೇ. ಯಾರನ್ನೂ ಕೇಳುತ್ತಲೂ ಇರಲಿಲ್ಲ.

ಹಾಗಾದರೆ ಆ ಪಾತ್ರೆ ಉಜ್ಜಿಸಿದ್ದು ಸಿಟ್ಟೇ. ಅದು ಗೊತ್ತಾಗಿ ಸಮಾಧಾನವಾಗುವ ಬದಲು ಗಲಿಬಿಲಿ ಹೆಚ್ಚಾಯಿತು. ಮೂವತ್ತಾರು ವರ್ಷದ ಹಿಂದಿನ ಒಂದು ಗೋಣಿ ಲಂಗಕ್ಕೆ, ಈಗ ಎಪ್ಪತ್ತೆಂಟು ವರ್ಷವಾಗಿ ಮೊಮ್ಮಕ್ಕಳ ಜೊತೆ ಕೇರಂ ಆಡಿಕೊಂಡಿರುವ ಅಬ್ಬಾನ ಮೇಲೆ ಇನ್ನೂ ಸಿಟ್ಟು ಇಟ್ಟುಕೊಂಡಿದ್ದೇನೆಯೇ? ಇಟ್ಟುಕೊಂಡಿದ್ದೆ. ಹೇಳಲು ನಾಚಿಕೆ, ಆದರೂ ಇಟ್ಟುಕೊಂಡಿದ್ದೆ.

ಶನಿವಾರ ಫೋನು ಮಾಡಿದೆ. ಅಬ್ಬಾ ನನ್ನ ತಮ್ಮನ ಮನೆಯಲ್ಲಿದ್ದಾರೆ. ಬಿಸಿಲು, ಬಿ.ಪಿ. ಮಾತ್ರೆ, ಝೋಯಾಳ ಪರೀಕ್ಷೆ, ಎಲ್ಲ ಮುಗಿದ ಮೇಲೆ ಏನೋ ನೆನಪಾದವಳ ಹಾಗೆ ಕೇಳಿದೆ. ನಮ್ಮ ಮಾತು ದಖನಿಯಲ್ಲಿ ನಡೆದದ್ದು, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

‘ಅಬ್ಬಾ, ನಾಲ್ಕನೇ ಕ್ಲಾಸಲ್ಲಿ ಒಂದು ಹವಾಯಿ ಡ್ಯಾನ್ಸ್ ಇತ್ತು. ನೆನಪಿದೆಯಾ? ನೀವು ಬೇಡ ಅಂದಿದ್ರಿ.’

‘ನಾನೆಲ್ಲಿ ಬೇಡ ಅಂದೆ?’

‘ನೋಡೋಣ ಅಂದ್ರಿ.’

‘ಹೌದು. ನೋಡೋಣ ಅಂದೆ. ಶುಕ್ರವಾರ ನನಗೆ ಸೆಕೆಂಡ್ ಶಿಫ್ಟ್ ಇತ್ತಮ್ಮ. ಡ್ಯೂಟಿ ಬದಲಾಯಿಸಿಕೊಳ್ಳೋಕೆ ಯಾರಾದ್ರೂ ಸಿಗಬೇಕಿತ್ತು. ಸಿಗೋ ಮೊದಲು ಬರ್ತೀನಿ ಅಂತ ಹೇಳಿ, ಆಮೇಲೆ ಬರದೇ ಇದ್ರೆ ನೀನು ಅಳ್ತಿದ್ದೆ.’

ಅಬ್ಬಾನೇ ಮುಂದುವರಿಸಿದರು.

‘ಹನುಮಂತಪ್ಪ ಒಪ್ಪಿಕೊಂಡ. ನಾಲ್ಕು ಗಂಟೆಗೇ ಸೀದಾ ಶಾಲೆಗೆ ಬಂದೆ. ಆ ಡ್ಯಾನ್ಸಿಗೆ ಕೊರಳಿಗೆ ಹೂವು ಹಾಕ್ಕೋತಾರಂತೆ ಅಂತ ಯಾರೋ ಹೇಳಿದ್ರು. ಅದಕ್ಕೆ ಸೇವಂತಿಗೆ ತಗೊಂಡೆ. ಹಿಂದಿನ ಬೆಂಚಲ್ಲಿ ಕೂತಿದ್ದೆ. ಆರು ಜನ ಹುಡುಗೀರು ಬಂದ್ರು. ಎಣಿಸಿದೆ. ಮತ್ತೊಂದು ಸಲ ಎಣಿಸಿದೆ. ಆರೇ. ನೀನು ಇರಲಿಲ್ಲ.’

‘ಮತ್ತೆ ನನಗೆ ಯಾಕೆ ಹೇಳಲಿಲ್ಲ ಅಬ್ಬಾ?’

‘ನಿನಗೆ ಮನಸ್ಸಿಲ್ವೇನೋ ಅಂದ್ಕೊಂಡೆ. ಕೇಳಿದ್ರೆ ನಾಚ್ಕೋತೀಯ ಅಂತ ಬಿಟ್ಟೆ. ಬೇಡ ಅನ್ನೋದಿದ್ರೆ ಹೋಲ್ಡಾನ್ ಅಂತಿದ್ದೆ, ಅನ್ನಲಿಲ್ಲವಲ್ಲ. ನೀನಾದ್ರೂ ಇನ್ನೊಂದು ಸಲ ಕೇಳಬಹುದಿತ್ತು. ನೀನೂ ಕೇಳಲಿಲ್ಲ.’

ಇಷ್ಟು ಹೇಳಿ ಅಬ್ಬಾ, ಅಲ್ಲಿ ನಿಮಗೆ ಟೊಮೆಟೊ ಸಿಗುತ್ತಾ, ಇಲ್ಲಿ ತುಟ್ಟಿಯಾಗಿದೆ ಅಂತ ಬೇರೆ ಮಾತಿಗೆ ಹೋದರು. ನಾನು ಹೂಂ ಹೂಂ ಅನ್ನುತ್ತ ಫೋನಿಟ್ಟು, ಸಲೀಂ ಏನಾಯ್ತು ಏನಾಯ್ತು ಅಂತ ಕೇಳುವಷ್ಟು ಅತ್ತೆ. ದುಃಖಕ್ಕೋ ಸಂತೋಷಕ್ಕೋ ಅಂತ ಅವನು ಕೇಳಿದ. ಅದೂ ನನಗೆ ಗೊತ್ತಾಗಲಿಲ್ಲ. ಒಬ್ಬ ಕಂಡಕ್ಟರು ಹೂವಿನ ಪೊಟ್ಟಣ ಹಿಡಿದುಕೊಂಡು ಮಕ್ಕಳ ಬೆಂಚಿನಲ್ಲಿ ಕೂತು ಆರು ತಲೆ ಎಣಿಸುತ್ತಿದ್ದರು. ಅವರ ಮಗಳು ಎರಡು ಬೀದಿ ಆಚೆ ಗೋಡೆ ನೋಡುತ್ತ ಅವರಿಗೇ ಶಾಪ ಹಾಕುತ್ತಿದ್ದಳು. ತಪ್ಪು ಯಾರದು ಅಂತ ಹುಡುಕಲು ಹೊರಟರೆ ಯಾರೂ ಸಿಗುವುದಿಲ್ಲ. ಒಬ್ಬರನ್ನೊಬ್ಬರು ನೋಯಿಸಬಾರದು ಅಂತ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

‘ನಿನ್ನಿಷ್ಟ ಅಂದ್ರೆ ಏನು ಅಂತ ಈಗಲೇ ಹೇಳಿ’ ಅಂತ ಸಲೀಂನನ್ನು ಹಿಡಿದುಕೊಂಡೆ. ಅವನು ಗಾಬರಿಯಾಗಿ, ‘ಮಾಡು ಅಂತ. ನಾನು ವೀಡಿಯೋ ಮಾಡ್ತೀನಿ ಅಂತ’ ಅಂದ. ಅಷ್ಟು ಹೇಳಲು ಐದು ದಿನ.

ಭಾನುವಾರ ಹತ್ತೂವರೆಗೆ ರೀಟ್ ಅವರ ಮನೆ. ಕಾಫಿ, ತಗಡಿನ ಡಬ್ಬಿಯಿಂದ ತಲೆಗೊಂದು ಬಿಸ್ಕತ್ತು, ಡಬ್ಬಿ ಮತ್ತೆ ಮುಚ್ಚಿತು. ಮೇಜಿನ ಮೇಲೆ ಡೈರಿ ತೆರೆದಿಟ್ಟಿದ್ದರು.

‘ನೋಡಿದೆಯಾ?’

‘ನೋಡಿದೆ.’

‘ಹೌದಾ, ಇಲ್ಲವಾ?’

ನನ್ನ ಬಾಯಿಗೆ ಎಷ್ಟೊಂದು ಮಾತು ಬಂದವು. ಅಭ್ಯಾಸಕ್ಕೆ ಸಮಯ ಸಿಕ್ಕರೆ, ಆಫೀಸಿನಲ್ಲಿ ರಜೆ ಕೊಟ್ಟರೆ, ಝೋಯಾಗೆ ಹುಷಾರಿದ್ದರೆ. ಎಲ್ಲವನ್ನೂ ಬಿಸ್ಕತ್ತಿನ ಜೊತೆ ನುಂಗಿ, ‘ಹೌದು’ ಅಂದೆ. ಒಂದೇ ಪದ. ಹೇಳಿದ ಮೇಲೆ ಬಾಯಿ ಖಾಲಿ ಖಾಲಿ ಅನ್ನಿಸಿತು. ರೀಟ್ ರಬ್ಬರ್ ತೆಗೆದು ಪ್ರಶ್ನಾರ್ಥಕ ಚಿಹ್ನೆಯನ್ನು ಉಜ್ಜಿದರು. ಪುಡಿಯನ್ನು ಅಂಗೈಯಿಂದ ಗುಡಿಸಿ ನನ್ನ ಕಡೆ ನೋಡಿದಾಗ ಅವರ ಕಣ್ಣು ಒದ್ದೆಯಾಗಿತ್ತು. ‘ನೀನು ನೇ ಅಂತೀಯ ಅಂದ್ಕೊಂಡಿದ್ದೆ. ಅಂದಿದ್ರೆ ನನಗೆ ಬೇಜಾರಾಗ್ತಿತ್ತು’ ಅಂದರು. ಬೇಜಾರಾಗುತ್ತದೆ ಅನ್ನುವುದನ್ನೂ ಹೀಗೆ ಎದುರಿಗೆ ಹೇಳಬಹುದು ಅಂತ ನನಗೆ ಅಂದೇ ಗೊತ್ತಾದದ್ದು.

ಆಗಸ್ಟಿನ ಆ ಶನಿವಾರ ಮೂರು ಗಂಟೆಯಿಂದ ತುಂತುರು ಮಳೆ. ಬೀದಿಯ ಎರಡೂ ತುದಿಗೆ ಅಡ್ಡಗಟ್ಟಿ ಬಿಳಿ ಟೆಂಟು ಹಾಕಿದ್ದರು. ಒಂದು ಕಡೆ ಕೆಂಡದ ಮೇಲೆ ಮಾಂಸ, ಇನ್ನೊಂದು ಕಡೆ ನಾನು ಮಾಡಿಕೊಂಡು ಹೋಗಿದ್ದ ಮಿರ್ಚಿ. ಮಿರ್ಚಿ ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಸಲ್ವಾರಿನ ಮೇಲೆ ಹಸಿರು ಲಂಗ, ಸ್ಕಾರ್ಫಿನ ಮೇಲೆ ಬಟ್ಟೆಹೂವಿನ ಹಾರ, ಹಿಂದಿನ ಸಾಲಿನ ಎಡತುದಿಯಲ್ಲಿ ನಾನು. ಝೋಯಾ ಎದುರಿಗೆ ಫೋನಿನ ಪರದೆಯನ್ನು ನಮ್ಮ ಕಡೆ ಹಿಡಿದು ನಿಂತಿದ್ದಳು. ಫೋನಿನಲ್ಲಿ ದಾವಣಗೆರೆ, ಅಲ್ಲಿ ಸಂಜೆ ಏಳೂವರೆ. ಪರದೆಯ ತುಂಬ ಅಬ್ಬಾನ ಹಣೆ ಮಾತ್ರ ಕಾಣುತ್ತಿತ್ತು, ಹಿಂದಿನಿಂದ ನನ್ನ ತಮ್ಮ ‘ಫೋನು ಕೆಳಗೆ ಮಾಡಿ, ಕೆಳಗೆ ಮಾಡಿ’ ಅನ್ನುತ್ತಿದ್ದ.

ನಿಂತೆವು. ಹಾಡು ಬರಲಿಲ್ಲ. ಸ್ಪೀಕರಿನ ವೈರು ಒದ್ದೆಯಾಗಿತ್ತೋ ಏನೋ, ಇಬ್ಬರು ಗಂಡಸರು ಬಗ್ಗಿ ಅದನ್ನು ಅಲ್ಲಾಡಿಸುತ್ತಿದ್ದರು. ಅರವತ್ತು ಜನ ತಟ್ಟೆ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿದ್ದರು. ಆ ಮೌನದಲ್ಲಿ ನನಗೆ ಎಲ್ಲವೂ ಮರೆತುಹೋಯಿತು. ಅಲೆಗೆ ಯಾವ ಕೈ, ಮಳೆಗೆ ಯಾವ ಕೈ, ತಿರುಗುವುದು ಎಡಕ್ಕೋ ಬಲಕ್ಕೋ, ನಾನು ಯಾಕೆ ಇಲ್ಲಿದ್ದೇನೆ, ಒಂದೂ ತಿಳಿಯದು. ಹಿಂದೆ ಸರಿದು ಟೆಂಟಿನ ಬಟ್ಟೆ ಎತ್ತಿ ಹೋಗಿಬಿಟ್ಟರೆ ಯಾರಿಗೂ ಕಾಣುವುದಿಲ್ಲ ಅಂತ ಲೆಕ್ಕ ಹಾಕಿ ಒಂದು ಹೆಜ್ಜೆ ಹಿಂದಿಟ್ಟೂ ಇಟ್ಟೆ. ಮುಂದಿನ ಸಾಲಿನಿಂದ ರೀಟ್ ತಿರುಗಿ ನೋಡಿದರು.

ಆಗ ಝೋಯಾಳ ಕೈಯಲ್ಲಿದ್ದ ಫೋನಿನಿಂದ ಸಣ್ಣಗೆ ಕನ್ನಡ ಕೇಳಿಸಿತು. ಅಬ್ಬಾ ದಖನಿಯಲ್ಲಲ್ಲ, ಡ್ಯೂಟಿಯ ಕನ್ನಡದಲ್ಲಿ ಎಣಿಸುತ್ತಿದ್ದರು. ಪರದೆಯ ಮೇಲೆ ಅವರ ತೋರುಬೆರಳು ಆಡುತ್ತಿತ್ತು.

‘ಒಂದು, ಎರಡು, ಮೂರು. ಹಿಂದೆ ನಾಲ್ಕು, ಐದು.’ ಬೆರಳು ನನ್ನ ಹತ್ತಿರ ಬಂದು ನಿಂತಿತು. ‘ಆರು. ಎಲ್ಲ ಹತ್ತಿದ್ದಾರೆ.’

ಆಮೇಲೆ, ಇಡೀ ಬಸ್ಸಿಗೆ ಕೇಳುವ ಆ ಹಳೆಯ ದನಿಯಲ್ಲಿ ಅಬ್ಬಾ ಹೇಳಿದರು.

‘ರೈಟ್.’